ಒಂದು ಬೆರಳು ಸಡಿಲ

ಫೆಬ್ರವರಿ 3, ಸೋಮವಾರ

ನನಗೆ ಕೆಲಸ ಸಿಕ್ಕಿತು. ಹೊಲಿಗೆ ಯಂತ್ರ ಬಿಟ್ಟು, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ಓಡಿಬಂದವಳಿಗೆ, ನೀರಿನ ಸಾಲಿನಲ್ಲಿ ನಿಂತಿದ್ದಾಗ ಕೆಲಸ ಸಿಕ್ಕಿತು. ನರ್ಸಮ್ಮ ಬಂದು, "ಟೇಪು ಹಿಡಿದು ಅಭ್ಯಾಸ ಇರೋರು ಯಾರಾದ್ರೂ ಇದ್ದೀರಾ?" ಎಂದು ಕೇಳಿದರು. ನಾನು ಕೈ ಎತ್ತುವ ಮೊದಲೇ ತಂಗಿ ಬೆನ್ನಿಗೆ ಗುದ್ದಿ ಮುಂದಕ್ಕೆ ತಳ್ಳಿದಳು. "ನಮ್ಮಕ್ಕ ಊರಿಗೆಲ್ಲಾ ಬಟ್ಟೆ ಹೊಲಿದವಳು! ಟೇಪು ಇವಳ ಕೊರಳಲ್ಲೇ ಹುಟ್ಟಿದ್ದು!" ಬಾಯಿ ಅವಳದು, ದುಡಿಮೆ ನನ್ನದು. ಚಿಕ್ಕಂದಿನಿಂದಲೂ ಹೀಗೇ.

ನಾವಿರುವುದು ಬಸ್ ಡಿಪೋದಲ್ಲಿ. ಬಸ್ಸುಗಳು ಬರುವುದು ಯಾವ ಕಾಲಕ್ಕೋ ನಿಂತಿತು, ಈಗ ಪ್ಲಾಟ್‌ಫಾರಂಗಳ ಮೇಲೆ ಸಂಸಾರಗಳು ನಿಂತಿವೆ. ನಮ್ಮದು ಮೂರನೇ ಪ್ಲಾಟ್‌ಫಾರಂ. ತಂಗಿ, ಅವಳ ಮಗಳು ಪುಟ್ಟಿ, ಮಗ ಗುಂಡ, ನಾನು. ಊರಿನ ಬಾವಿಗಳೆಲ್ಲ ಬತ್ತಿ, ಉಳಿದ ಒಂದೇ ಬಾವಿಗಾಗಿ ಎರಡು ಕಡೆಯವರು ಬಂದೂಕು ಹಿಡಿದ ವಾರ ತಂಗಿಯ ಗಂಡ ಬಿಂದಿಗೆ ಹಿಡಿದು ಹೋದ. ಬರಲಿಲ್ಲ. ಅದಕ್ಕೂ ಮೊದಲೇ ನನ್ನ ಅಂಗಡಿ ಬತ್ತಿತ್ತು. ಹೊಸ ಬಟ್ಟೆ ಹೊಲಿಸುವವರು ನಿಂತು ತೇಪೆ ಹಾಕಿಸುವವರು ಉಳಿದರು, ಆಮೇಲೆ ಅವರೂ ನಿಂತರು.

ಕೆಲಸ ಇಷ್ಟೇ. ಹಳೆಯ ಟಿಕೆಟ್ ಕೌಂಟರಿನ ಕೋಣೆಯಲ್ಲಿ ಕೂತು, ಐದು ವರ್ಷದೊಳಗಿನ ಮಕ್ಕಳ ಎಡತೋಳಿಗೆ ಒಂದು ಪಟ್ಟಿ ಸುತ್ತಬೇಕು. ಪಟ್ಟಿಯಲ್ಲೊಂದು ಸಣ್ಣ ಕಿಂಡಿ. ಕಿಂಡಿಯಲ್ಲಿ ಹಸಿರು ಕಂಡರೆ ಮಗು ಚೆನ್ನಾಗಿದೆ, ಮನೆಗೆ ಹೋಗಬಹುದು. ಮನೆಯೆಂದರೆ ಪ್ಲಾಟ್‌ಫಾರಂ. ಹಳದಿ ಕಂಡರೆ ವಾರಕ್ಕೊಂದು ಚೀಲ ಸಿಹಿ ಹಿಟ್ಟು. ಕೆಂಪು ಕಂಡರೆ ಮಗು ಸಾಯುವ ಹಾದಿಯಲ್ಲಿದೆ ಎಂದರ್ಥ. ಅದಕ್ಕೆ ಔಷಧಿ, ಜೊತೆಗೆ ದಿನವೂ ಕಡಲೆಕಾಯಿ ಪೇಸ್ಟಿನ ಪೊಟ್ಟಣಗಳು.

ಮಧ್ಯಾಹ್ನ ಒಂದು ಹೆಣ್ಣುಮಗು ಬಂತು. ಪಟ್ಟಿ ಎಳೆದಷ್ಟೂ ಒಳಗೆ ಹೋಯಿತು. ಕೆಂಪು. ನನಗೆ ಅಳು ತಡೆಯಲಾಗಲಿಲ್ಲ. ನರ್ಸಮ್ಮ ತಲೆ ಎತ್ತದೆ ಹೇಳಿದರು, "ಅಳೋದಾದ್ರೆ ಹೊರಗೆ ಹೋಗಿ ಅತ್ಕೊಂಡು ಬನ್ನಿ ಟೈಲರಮ್ಮ. ಇಲ್ಲಿ ಮಕ್ಕಳು ಹೆದರ್ಕೋತಾವೆ."

ಗುಂಡನದು ಹಳದಿ. ಹುಟ್ಟಿದಾಗ ಗುಂಡುಗುಂಡಾಗಿದ್ದನೆಂದು ಇಟ್ಟ ಹೆಸರು ಅದು. ಈಗ ನಾಲ್ಕು ಜನರ ಮುಂದೆ ಹಾಗೆ ಕರೆಯಲು ನಾಚಿಕೆಯಾಗುತ್ತದೆ.

ಫೆಬ್ರವರಿ 12, ಬುಧವಾರ

ಈ ಕೈಯನ್ನು ಎಲ್ಲಿಡಲಿ?

ನಿನ್ನೆ ನಾನು ಹಳದಿಯೆಂದು ಹಿಟ್ಟು ಕೊಡಿಸಿ ಕಳಿಸಿದ್ದ ಮಗುವನ್ನು ಅದರ ತಾಯಿ ಇವತ್ತು ಭೇದಿಯೆಂದು ಮತ್ತೆ ತಂದಳು. ನರ್ಸಮ್ಮ ತಾವೇ ಪಟ್ಟಿ ಸುತ್ತಿದರು. ಕೆಂಪು. ಒಂದೇ ದಿನಕ್ಕೆ ತೋಳು ಅಷ್ಟು ಇಳಿಯುವುದಿಲ್ಲ. ನನ್ನನ್ನು ಕರೆದು ಇನ್ನೊಂದು ಮಗುವನ್ನು ಅಳೆಯಲು ಹೇಳಿ, ಪಕ್ಕದಲ್ಲಿ ನಿಂತು ನೋಡಿದರು.

"ಟೈಲರಮ್ಮ, ಇದೇನು ಬೆರಳು?"

ನೋಡಿದರೆ ನನ್ನ ತೋರುಬೆರಳು ಪಟ್ಟಿಗೂ ತೋಳಿಗೂ ನಡುವೆ ಕೂತಿದೆ. ನಾನು ಇಟ್ಟದ್ದಲ್ಲ, ತಾನಾಗಿಯೇ ಹೋಗಿ ಕೂತಿದೆ. ಅಳತೆ ತೆಗೆಯುವಾಗ ಟೇಪಿನಡಿ ಒಂದು ಬೆರಳು ಸಡಿಲ ಬಿಡುವುದು ಅಮ್ಮ ನನಗೆ ಕಲಿಸಿದ ಮೊದಲ ಪಾಠ. ಮಕ್ಕಳ ಬಟ್ಟೆಗಂತೂ ಬಿಡಲೇಬೇಕು, ಬೆಳೆಯುವ ಮೈ. ಇಷ್ಟು ವರ್ಷ ಆ ಬೆರಳಿನಿಂದಲೇ ಒಳ್ಳೆಯ ಹೆಸರು ಬಂದಿತ್ತು.

"ನೀವಿಲ್ಲಿ ಶರಟು ಹೊಲೀತಿಲ್ಲ ಕಣ್ರೀ" ಎಂದರು ನರ್ಸಮ್ಮ. ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು.

ಸಂಜೆಯವರೆಗೆ ಎಲ್ಲ ಮಕ್ಕಳನ್ನೂ ಮತ್ತೆ ಕರೆಸಿ ಅಳೆದೆವು. ಹಸಿರಿನಲ್ಲಿದ್ದ ಕೆಲವರು ಹಳದಿಗೆ ಬಂದರು, ಹಳದಿಯವರು ಕೆಂಪಿಗೆ. ಗುಂಡ ಹಳದಿಯಲ್ಲೇ ಉಳಿದ, ಆದರೆ ಕೆಂಪಿನ ಅಂಚಿಗೆ ಬಂದು. ಐದನೇ ಪ್ಲಾಟ್‌ಫಾರಂನ ಒಂದು ಸಂಸಾರ ಮಾತ್ರ ಸಿಗಲಿಲ್ಲ. ಗಡಿಯ ಕಡೆಗೆ ನಡೆದುಕೊಂಡು ಹೊರಟುಹೋದರಂತೆ. ಆ ಮಗುವಿನ ತಾಯಿಗೆ ನಾನೇ ಹೇಳಿದ್ದೆ, "ನಿಮ್ಮ ಕೂಸು ಗಟ್ಟಿ ಕಣಮ್ಮ, ಹಸಿರು" ಎಂದು. ಆ ಮಾತು ನಂಬಿ ಹೊರಟರೋ ಏನೋ. ಹೊರಟಿರಬಾರದು, ಬೇರೆ ಕಾರಣ ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಫೆಬ್ರವರಿ 16, ಭಾನುವಾರ

ಬೆರಳಿಗೆ ಬುದ್ಧಿ ಕಲಿಸುತ್ತಿದ್ದೇನೆ. ಕೊಳಾಯಿ, ಕಂಬಿ, ಪುಟ್ಟಿಯ ಕಾಲು, ನನ್ನದೇ ಮುಂಗೈ, ಸಿಕ್ಕಿದ್ದಕ್ಕೆಲ್ಲ ಪಟ್ಟಿ ಸುತ್ತುತ್ತೇನೆ. ತೋರುಬೆರಳಿಗೆ ದಾರ ಕಟ್ಟಿ ಮಡಚಿಟ್ಟಿದ್ದೇನೆ. ಪಕ್ಕದ ಕಂಡಕ್ಟರ್ ತಾತ ನೋಡಿ ನಕ್ಕರು. ಇದೇ ಡಿಪೋದಲ್ಲಿ ಕೆಲಸ ಮಾಡಿದವರು. ಬಸ್ಸು ನಿಂತರೂ ಅವರು ಹೋಗಲಿಲ್ಲ. ಅಳತೆಯ ಸಾಲಿನಲ್ಲಿ ತಾಯಂದಿರು ಜಗಳಕ್ಕೆ ಬಿದ್ದರೆ, "ಒಳಗಡೆ ನಡೀರಿ, ಒಳಗಡೆ ನಡೀರಿ, ಸೀಟ್ ಖಾಲಿ ಇದೆ" ಎಂದು ಕೂಗಿ ನಗಿಸುತ್ತಾರೆ.

"ಬೆರಳಿಗೆ ಯಾಕಮ್ಮಾ ಶಿಕ್ಷೆ?" ಎಂದರು.

"ತಪ್ಪು ಮಾಡಿದೆ ತಾತ."

"ದಯೆ ತೋರ್ಸಿದೆ ಅನ್ನು."

ಆ ದಯೆಗೆ ಬೆಂಕಿ ಬೀಳಲಿ.

ಫೆಬ್ರವರಿ 24, ಸೋಮವಾರ

ತಂಗಿಗೂ ನನಗೂ ಜಟಾಪಟಿ. ಗುಂಡನಿಗೆ ಕೊಟ್ಟ ಸಿಹಿ ಹಿಟ್ಟಿನಲ್ಲಿ ಅರ್ಧ ಪುಟ್ಟಿಯ ತಟ್ಟೆಗೆ ಹೋಗುತ್ತಿದೆ.

"ಅದು ಔಷಧಿ ಇದ್ದ ಹಾಗೆ ಕಣೇ, ಹಂಚೋದಲ್ಲ" ಎಂದೆ.

"ಪುಟ್ಟಿಗೆ ಐದು ತುಂಬಿದ ಕೂಡ್ಲೇ ಹೊಟ್ಟೆ ಹೊಲಿದುಬಿಟ್ರಾ ನಿಮ್ಮೋರು? ಅವಳ ಎದುರಿಗೆ ಇವನಿಗೆ ಮಾತ್ರ ತಿನ್ನಿಸಕ್ಕೆ ನನ್ನ ಕೈಲಾಗಲ್ಲ. ನೀನೇ ತಿನ್ಸು, ನೋಡೋಣ."

ತಿನ್ನಿಸಿದೆ. ಪುಟ್ಟಿ ಎದುರಿಗೇ ಕೂತು, ಅವನು ಬಾಯಿ ತೆರೆದಾಗೆಲ್ಲ ತಾನೂ ಬಾಯಿ ತೆರೆಯುತ್ತಿದ್ದಳು. ಮೂರನೇ ತುತ್ತಿಗೆ ನಾನೇ ಅವಳ ಬಾಯಿಗೆ ಇಟ್ಟೆ. ತಂಗಿ ಮುಖ ಆಚೆ ತಿರುಗಿಸಿಕೊಂಡಳು. ಆದರೂ ಗುಂಡನ ಕೆನ್ನೆ ಸ್ವಲ್ಪ ತುಂಬಿದೆ. ಇವತ್ತು ನನ್ನನ್ನು "ದೊಮ್ಮ" ಎಂದ. ದೊಡ್ಡಮ್ಮ ಅನ್ನಲು ಇನ್ನೂ ಸ್ವಲ್ಪ ಹಿಟ್ಟು ಬೇಕು.

ಮಾರ್ಚ್ 7, ಶುಕ್ರವಾರ

ಬಿಳಿ ಗಾಡಿಯಲ್ಲಿ ದೊಡ್ಡವರು ಬಂದಿದ್ದರು. ಒಳ್ಳೆಯವರೇ. ಒಬ್ಬಾಕೆ ಕೆಂಪು ಮಗುವೊಂದನ್ನು ಎತ್ತಿಕೊಂಡು ನಿಜವಾಗಿಯೂ ಅತ್ತರು. ನನಗೆ ಸ್ವಲ್ಪ ಕಿರಿಕಿರಿಯಾಯಿತು, ಸಾಲು ನಿಂತುಬಿಟ್ಟಿತ್ತು.

ಅವರು ಹೋದ ಮೇಲೆ ಶಿಬಿರದ ಮ್ಯಾನೇಜರು ನಮ್ಮನ್ನು ಕೂರಿಸಿ ಹೇಳಿದರು. ನಮ್ಮ ಡಿಪೋದಲ್ಲಿ ಕೆಂಪು ಕಡಿಮೆಯಾಗುತ್ತಿದೆ, ಪರಿಸ್ಥಿತಿ ಸುಧಾರಿಸಿದೆ, ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದೀರಿ. ಬೇರೆ ಕಡೆ ಹೊಸ ಯುದ್ಧ ಶುರುವಾಗಿದೆ, ಇನ್ನೊಂದು ಕಡೆ ನೆರೆ, ಕೊಡುವ ಕೈಗಳು ಅವೇ. ಆದ್ದರಿಂದ ಬರುವ ಸೋಮವಾರದಿಂದ ಹಳದಿಯವರಿಗೆ ಹಿಟ್ಟಿಲ್ಲ. ಕೆಂಪಿನವರಿಗೆ ಮಾತ್ರ ಪೊಟ್ಟಣ.

"ಹಳದಿ ಮಕ್ಕಳು ಕೆಂಪಾಗಲ್ವಾ ಸಾರ್?" ಎಂದು ನರ್ಸಮ್ಮ ಕೇಳಿದರು.

"ಆದಾಗ ಕೊಡ್ತೀವಲ್ಲಮ್ಮ" ಎಂದರು ಮ್ಯಾನೇಜರು. ಆ ಮನುಷ್ಯ ಎರಡು ದಿನದಿಂದ ಮಲಗಿರಲಿಲ್ಲ ಅನಿಸುತ್ತದೆ, ಕಣ್ಣು ಕೆಂಡವಾಗಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ. ಆದರೂ ಬೈದೆ, ಮನಸ್ಸಿನಲ್ಲಿ.

ತಾಯಂದಿರಿಗೆ ಕೌಂಟರಿನ ಕಿಂಡಿಯಿಂದ ಹೇಳುವ ಭಾಗ್ಯ ನನ್ನದು. ಒಬ್ಬಳು ಕಿಂಡಿಗೆ ಉಗಿದಳು. ಇನ್ನೊಬ್ಬಳು ಪಕ್ಕದಲ್ಲಿದ್ದ ಕೆಂಪು ಮಗುವಿನ ತಾಯಿಯನ್ನು ನೋಡಿ, "ನಿಂಗೇನಮ್ಮ, ಪುಣ್ಯವಂತೆ" ಎಂದಳು. ಆ ತಾಯಿ ತಲೆ ತಗ್ಗಿಸಿದಳು. ಇಂಥ ಮಾತು ಆಡುವ ನಾಲಿಗೆಗೆ ಹುಳ ಬೀಳಬೇಕು.

ಕಂಡಕ್ಟರ್ ತಾತ ಹೇಳಿದರು, "ಹಳದಿ ಸ್ಟಾಪ್ ಕ್ಯಾನ್ಸಲ್ ಆಯ್ತಾ? ಹಾಗಾದ್ರೆ ಎಲ್ರೂ ಮುಂದಿನ ಸ್ಟಾಪಲ್ಲೇ ಇಳೀಬೇಕು." ಯಾರೂ ನಗಲಿಲ್ಲ.

ಮಾರ್ಚ್ 17, ಸೋಮವಾರ

ಎಲ್ಲರಿಗೂ ಕೊಡುತ್ತಿದ್ದ ಪಡಿತರವೂ ಅರ್ಧವಾಗಿದೆ. ಲಾರಿ ಬರುವ ರಸ್ತೆಯಲ್ಲಿ ಗುಂಡು ಹಾರುತ್ತಿದೆಯಂತೆ. ನನ್ನ ಕೆಲಸಕ್ಕೆಂದು ಸಿಗುವ ಹಿಟ್ಟಿನಿಂದ ನಾವು ನಾಲ್ವರೂ ಒಲೆ ಹಚ್ಚುತ್ತಿದ್ದೇವೆ.

ಮೂರು ದಿನದಿಂದ ತಂಗಿ ಒಂದೇ ರಾಗ. "ನಿನ್ನ ಕೈಲೇ ಇದ್ಯಲ್ಲಕ್ಕಾ. ಒಂಚೂರು ಎಳೆದ್ರೆ ಏನು ಗಂಟು ಹೋಗುತ್ತೆ? ಅವನೇನು ಹಸಿರಲ್ಲಿದ್ದಾನಾ? ಅಂಚಲ್ಲೇ ಇದ್ದಾನೆ."

ಇವತ್ತು ಎಳೆದೆ. ಗುಂಡ "ಆ" ಎಂದ, ತೋಳಿನ ಚರ್ಮ ಸುಕ್ಕುಗಟ್ಟಿತು, ಕಿಂಡಿಯಲ್ಲಿ ಕೆಂಪು ಬಂತು. ಆದರೆ ಈಗ ಪ್ರತಿಯೊಂದು ಕೆಂಪನ್ನೂ ನರ್ಸಮ್ಮ ಮತ್ತೆ ಅಳೆಯುತ್ತಾರೆ. ಅಳೆದರು. ಹಳದಿ. ಅವನ ತೋಳಿನ ಮೇಲೆ ನನ್ನ ಪಟ್ಟಿಯ ಗುರುತು ಗೆರೆಯಾಗಿ ಮೂಡಿತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ನರ್ಸಮ್ಮ ಮೆಲ್ಲಗೆ ಹೇಳಿದರು, "ಮೊದ್ಲು ಸಡಿಲ, ಈಗ ಬಿಗಿ. ನಾನು ನೋಡ್ಲಿಲ್ಲ ಅಂದ್ಕೋತೀನಿ. ಇನ್ನೊಂದ್ಸಲ ಆದ್ರೆ ನಿಮ್ಮ ಕೆಲ್ಸ ಉಳಿಯಲ್ಲ, ಆ ಹಿಟ್ಟೂ ಉಳಿಯಲ್ಲ."

ನೆಲ ಬಾಯಿ ಬಿಡಬಾರದೇ ಅನಿಸಿತು. ಇನ್ನು ಯಾವ ಮಗುವಿನ ತೋಳಿಗೂ ಪಟ್ಟಿ ಎಳೆಯುವುದಿಲ್ಲ. ಸಡಿಲವೂ ಇಲ್ಲ, ಬಿಗಿಯೂ ಇಲ್ಲ. ಇದು ನನ್ನ ಕತ್ತರಿಯ ಮೇಲೆ ಆಣೆ.

ಮಾರ್ಚ್ 18, ಮಂಗಳವಾರ

ತಂಗಿ ಮಾತು ಬಿಟ್ಟಿದ್ದಾಳೆ.

ಮಾರ್ಚ್ 31, ಸೋಮವಾರ

ತಾಯಂದಿರು ಅಳತೆಯ ದಿನ ಮಕ್ಕಳಿಗೆ ಬೆಳಗಿನಿಂದ ಏನೂ ಕೊಡದೆ ಕರೆತರುತ್ತಿದ್ದಾರೆ. ಪೆದ್ದುಗಳು. ಇವತ್ತು ಒಬ್ಬಳಿಗೆ ಬಿಡಿಸಿ ಹೇಳಿದೆ, "ಒಂದು ಹೊತ್ತು ಉಪವಾಸ ಹಾಕಿದ್ರೆ ಹೊಟ್ಟೆ ಇಳಿಯುತ್ತೆ ಕಣಮ್ಮ, ತೋಳು ಇಳಿಯಲ್ಲ. ತೋಳಿಳಿಯಕ್ಕೆ ವಾರಗಟ್ಟಲೆ ಬೇಕು. ಸುಮ್ನೆ ಮಗೂನ ಯಾಕೆ ಅಳಿಸ್ತೀಯ?" ಅವಳಿಗೆ ಅರ್ಥವಾಯಿತು. ಪಾಪ, ಕೈ ಮುಗಿದು ಹೋದಳು. ಕೆಲಸ ಚೆನ್ನಾಗಿ ತಿಳಿದಿದ್ದರೆ ನಾಲ್ಕು ಜನಕ್ಕೆ ಉಪಕಾರವಾಗುತ್ತದೆ.

ತಂಗಿ ಸಾಲಿನಲ್ಲಿ ಹಿಂದೆಯೇ ನಿಂತಿದ್ದಳು. ಸಂಜೆ ತಾನಾಗಿಯೇ ಮಾತಾಡಿಸಿದಳು. "ವಾರಗಟ್ಟಲೆ ಅಂದ್ಯಲ್ಲಕ್ಕಾ, ಎಷ್ಟು ವಾರ?"

ಅಂಚಿನಲ್ಲಿರುವವರಿಗೆ ಬೇಗ ಎಂದೆ. ಅಂತೂ ಮಾತು ಬಿಟ್ಟವಳು ಮಾತಾಡಿದಳಲ್ಲ, ಮನಸ್ಸು ಹಗುರವಾಯಿತು.

ಏಪ್ರಿಲ್ 5, ಶನಿವಾರ

ಗುಂಡನ ಪಾಲು ಪುಟ್ಟಿಯ ತಟ್ಟೆಗೆ ಹೋಗುತ್ತಿದೆ. ಅವನಿಗೆ ಬರೀ ಗಂಜಿಯ ತಿಳಿ. ನೋಡಿದೆ, ಸುಮ್ಮನಿದ್ದೆ. ತಾಯಿಗಿಂತ ಹೆಚ್ಚಿನ ಕಾಳಜಿ ನನಗೆಲ್ಲಿಂದ ಬರಬೇಕು? ಲೆಕ್ಕ ಹಾಕಿದರೂ ತಪ್ಪೇನಿಲ್ಲ. ಈಗ ಸ್ವಲ್ಪ ದಿನ ತಡೆದುಕೊಂಡರೆ ಆಮೇಲೆ ದಿನವೂ ಪೊಟ್ಟಣ. ಗುಂಡನೂ ತಿನ್ನಬಹುದು, ಕದ್ದು ಪುಟ್ಟಿಗೂ ಕೊಡಬಹುದು. ಈಗಿನಂತೆಯೇ ದಿನ ದೂಡಿದರೆ ಇಬ್ಬರೂ ಒಟ್ಟಿಗೆ ಸೊರಗುತ್ತಾರೆ.

ಪಟ್ಟಿಯೊಂದನ್ನು ಮನೆಗೆ ತಂದಿದ್ದೇನೆ. ಮಧ್ಯಾಹ್ನ ಅವನು ಮಲಗಿದ್ದಾಗ ನೋಡಿದೆ. ಇನ್ನೊಂದು ನೂಲಿನಷ್ಟು ಬೇಕು.

ಏಪ್ರಿಲ್ 10, ಗುರುವಾರ

ಅರ್ಧ ನೂಲು.

ಗುಂಡ ಅಳುವುದನ್ನು ನಿಲ್ಲಿಸಿದ್ದಾನೆ. ಒಳ್ಳೆಯದೇ ಆಯಿತು, ಅಕ್ಕಪಕ್ಕದವರ ಗೊಣಗಾಟ ತಪ್ಪಿತು. ದಿನವಿಡೀ ಮೇಲೆ ನೇತಾಡುವ ಹಳೆಯ ಬೋರ್ಡನ್ನು ನೋಡುತ್ತಾ ಮಲಗಿರುತ್ತಾನೆ. ಬಹಳ ಜಾಣ.

ಏಪ್ರಿಲ್ 12, ಶನಿವಾರ

ಕಂಡಕ್ಟರ್ ತಾತನ ಮೇಲೆ ಕೂಗಾಡಿಬಿಟ್ಟೆ. ಕೂಗಾಡದೆ ಏನು ಮಾಡಲಿ? ನೀರು ತಂದು ನೋಡಿದರೆ, ಆ ಮುದುಕ ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಲ್ಲಿಂದಲೋ ತಂದ ಬಿಸ್ಕತ್ತನ್ನು ನೀರಲ್ಲಿ ಅದ್ದಿ ಬಾಯಿಗಿಡುತ್ತಿದ್ದಾರೆ. ಬಿಂದಿಗೆ ಇಳಿಸಿ ಓಡಿದೆ. ಬಾಯಿಗೆ ಬೆರಳು ಹಾಕಿ ಹೊರಗೆ ತೆಗೆದೆ.

"ಏನಮ್ಮಾ ಇದು! ಮಗು ಕಣಮ್ಮಾ!"

"ಸೋಮವಾರ ಅಳತೆ ಇದೆ ತಾತ! ಸೋಮವಾರ ಆದ್ಮೇಲೆ ಏನು ಬೇಕಾದ್ರೂ ಕೊಡಿ!"

ತಾತ ನನ್ನನ್ನೇ ನೋಡುತ್ತಾ ಕೂತರು. ಆಮೇಲೆ ಕೋಲು ಊರಿಕೊಂಡು ಎದ್ದು ಹೋದರು. ಒಂದು ಬಿಸ್ಕತ್ತಿನಿಂದ ತೋಳೇನೂ ಬದಲಾಗುವುದಿಲ್ಲ, ನನಗೂ ಗೊತ್ತು. ಆದರೆ ಇಷ್ಟು ಕಷ್ಟಪಟ್ಟ ಮೇಲೆ ಕೊನೆಗಳಿಗೆಯಲ್ಲಿ ಹೆಚ್ಚುಕಡಿಮೆ ಆಗಬಾರದಲ್ಲ. ಬೆಂದ ಹೊಟ್ಟೆಯವರ ಕಷ್ಟ ಒಂಟಿ ಮುದುಕರಿಗೆ ತಿಳಿಯುವುದಿಲ್ಲ.

ಬಿಸ್ಕತ್ತನ್ನು ಪುಟ್ಟಿಗೆ ಕೊಟ್ಟೆ. ತಿನ್ನದೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಈ ಹುಡುಗಿಗೆ ಸೊಕ್ಕು.

ಏಪ್ರಿಲ್ 14, ಸೋಮವಾರ

ಬಂತು!

ನಾನು ಎಳೆಯಲಿಲ್ಲ. ಪಟ್ಟಿಯನ್ನು ಎಷ್ಟು ಹಿಡಿಯಬೇಕೋ ಅಷ್ಟೇ ಹಿಡಿದೆ, ಬೆರಳು ದೂರ ಇತ್ತು. ಕಿಂಡಿಯಲ್ಲಿ ಕೆಂಪು, ಅಂಚಿನಲ್ಲಲ್ಲ, ಚೆನ್ನಾಗಿ ಒಳಗೇ. ನರ್ಸಮ್ಮ ಮತ್ತೆ ಅಳೆದರು. ಕೆಂಪು. ಇನ್ನೊಮ್ಮೆ ಅಳೆದರು. ಯಾರೂ ನನ್ನತ್ತ ಬೆರಳು ತೋರಿಸುವ ಹಾಗಿಲ್ಲ.

ತಂಗಿ ನನ್ನ ಕೈ ಹಿಡಿದು ಹಿಸುಕಿದಳು. ಹಿಂದಿದ್ದವಳೊಬ್ಬಳು ಅಸೂಯೆಯಿಂದ ನಿಟ್ಟುಸಿರಿಟ್ಟಳು. "ಪುಣ್ಯ ಮಾಡಿದ್ದೆ ಕಣೇ ನೀನು" ಎಂದೆ ನಾನು ತಂಗಿಗೆ.

ನರ್ಸಮ್ಮ ಪಟ್ಟಿಯನ್ನು ಮೇಜಿನ ಮೇಲೆ ಹಾಕಿ, ನನ್ನ ಮುಖವನ್ನೇ ನೋಡಿದರು. "ನಗೋದಾದ್ರೆ ಹೊರಗೆ ಹೋಗಿ ನಕ್ಕೊಂಡು ಬನ್ನಿ ಟೈಲರಮ್ಮ" ಎಂದರು. ಯಾಕೆ ಹಾಗೆಂದರೋ. ನಾನು ನಗುತ್ತಿರಲಿಲ್ಲ.

ಪೊಟ್ಟಣ ಕೊಡುವ ಮೊದಲು ಒಂದು ಪರೀಕ್ಷೆ ಇದೆ. ಮಗು ಅಲ್ಲೇ ಸ್ವಲ್ಪ ತಿಂದು ತೋರಿಸಬೇಕು. ತಿಂದರೆ ಮನೆಯಲ್ಲೇ ಚೇತರಿಸಿಕೊಳ್ಳುತ್ತದೆ, ತಿನ್ನದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ತಂಗಿ ಪೊಟ್ಟಣದ ಮೂಲೆ ಕಚ್ಚಿ ಹರಿದು ಅವನ ತುಟಿಗೆ ಹಿಡಿದಳು. ಗುಂಡ ಬಾಯಿ ತೆರೆಯಲಿಲ್ಲ. ಬೆರಳಿನಲ್ಲಿ ನೆಕ್ಕಿಸಿದಳು. ಪೇಸ್ಟು ಹಾಗೆಯೇ ಗಲ್ಲದ ಮೇಲೆ ಇಳಿಯಿತು. ನಾನು ಪ್ರಯತ್ನಿಸಿದೆ, ನರ್ಸಮ್ಮ ಪ್ರಯತ್ನಿಸಿದರು. ಅವನಿಗೆ ಹಸಿವೇ ಇಲ್ಲ ಎಂದರು ನರ್ಸಮ್ಮ. ಇಷ್ಟು ದಿನ ಹಸಿದ ಮಗುವಿಗೆ ಹಸಿವಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ?

"ಯಾವಾಗಿಂದ ಹೀಗಿದ್ದಾನೆ?" ಎಂದು ನರ್ಸಮ್ಮ ಕೇಳಿದರು. ತಂಗಿ ನನ್ನನ್ನು ನೋಡಿದಳು. ನಾನು ಕಿಂಡಿಯ ಹೊರಗೆ ಸಾಲನ್ನು ನೋಡಿದೆ.

ಆಸ್ಪತ್ರೆಯ ರಸ್ತೆ ಮುಚ್ಚಿದೆ. ಗಾಡಿ ಬಂದ ಕೂಡಲೇ ಕಳಿಸುತ್ತಾರಂತೆ.

ಏಪ್ರಿಲ್ 16, ಬುಧವಾರ

ಗಾಡಿ ಬಂದಿಲ್ಲ. ಪೊಟ್ಟಣಗಳನ್ನು ಅವನ ಪಕ್ಕದಲ್ಲೇ ಜೋಡಿಸಿಟ್ಟಿದ್ದೇವೆ, ಎದ್ದ ಕೂಡಲೇ ಕೈಗೆ ಸಿಗಲೆಂದು. ಪುಟ್ಟಿಗೆ ಒಂದು ತೆಗೆದುಕೋ ಎಂದರೂ ಮುಟ್ಟುತ್ತಿಲ್ಲ.

ಏಪ್ರಿಲ್ 19, ಶನಿವಾರ

ಗುಂಡ ನಿನ್ನೆ ಹೋದ. ಬೆಳಗಿನ ಹೊತ್ತು, ತಂಗಿಯ ಮಡಿಲಲ್ಲಿ. ಗಾಡಿ ಬಂದದ್ದು ಮಧ್ಯಾಹ್ನ.

ಅವನಿಗೆ ಹಾಕಿ ಕಳಿಸಲು ಒಂದು ನೆಟ್ಟಗಿನ ಅಂಗಿ ಇರಲಿಲ್ಲ. ಕಂಡಕ್ಟರ್ ತಾತ ತಮ್ಮ ಹಳೆಯ ಖಾಕಿ ಶರಟನ್ನು ತಂದು ನನ್ನ ಮುಂದಿಟ್ಟು ಹೋದರು. ಬಂದಾಗಿನಿಂದ ಬಿಚ್ಚದಿದ್ದ ಕತ್ತರಿ ಬಿಚ್ಚಿದೆ. ಅಳತೆಗೆ ಬೇರೇನೂ ಇರಲಿಲ್ಲ, ಅದೇ ಪಟ್ಟಿಯನ್ನು ಅವನ ಎದೆಗೆ, ಕೊರಳಿಗೆ, ತೋಳಿಗೆ ಹಿಡಿದೆ. ಬಣ್ಣ ನೋಡಲಿಲ್ಲ.

ಕೈಯಲ್ಲೇ ಹೊಲಿದು ತೊಡಿಸಿದೆವು. ಅಂಗಿ ಅವನ ಮೈಮೇಲೆ ನಿಲ್ಲಲಿಲ್ಲ, ಭುಜದಿಂದ ಜಾರಿತು, ತೋಳು ಅಗಲವಾಯಿತು. ತಿರುಗಿಸಿ ನೋಡಿದೆ. ಎಲ್ಲ ಕಡೆಯೂ ಒಂದು ಬೆರಳು ಸಡಿಲ ಬಿಟ್ಟಿದ್ದೇನೆ. ನನಗೆ ಗೊತ್ತೇ ಆಗಿರಲಿಲ್ಲ.

"ಯಾಕೆ ದೊಡ್ಡಮ್ಮಾ ಇಷ್ಟು ದೊಡ್ಡದು?" ಎಂದಳು ಪುಟ್ಟಿ.

ಬಿಚ್ಚಿ ಮತ್ತೆ ಹಿಡಿದು ಹೊಲಿಯಲೆಂದು ಕತ್ತರಿ ಎತ್ತಿಕೊಂಡೆ. ಆಗ ತಂಗಿ ನನ್ನ ಕೈ ಹಿಡಿದಳು.

"ಇರ್ಲಿ ಬಿಡಕ್ಕಾ" ಎಂದಳು. "ಸಡಿಲವಾಗೇ ಇರ್ಲಿ."